ಕೇಸ್ ಪೇಪರಿನಲ್ಲಿ ನನ್ನ ಅರ್ಧ ವಾಕ್ಯ

ನಮ್ಮ ಮನೆಯಲ್ಲಿ ಡಾಕ್ಟರ ಜೊತೆ ಮಾತಾಡುವುದು ಮೊದಲಿನಿಂದಲೂ ನನ್ನ ಕೆಲಸ. ಬ್ಯಾಂಕಿನಲ್ಲಿ, ಮಗಳ ಸ್ಕೂಲಿನಲ್ಲಿ, ಸೊಸೈಟಿ ಮೀಟಿಂಗಿನಲ್ಲಿ ಕೂಡ ನಾನೇ. ನನ್ನ ಯಜಮಾನರು ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಮುಂಬಯಿಗೆ ಬಂದವರು. ನಾನು ದಾದರಿನ ಕಾನ್ವೆಂಟಿನಲ್ಲಿ ಕಲಿತವಳು. ಅಪ್ಪ ರೈಲ್ವೆ ಆಫೀಸಿನ ಗುಮಾಸ್ತರು. ಮನೆಯಲ್ಲಿ ಇಡ್ಲಿಗೆ ಚಟ್ನಿ ಇಲ್ಲದಿದ್ದರೂ ನಡೆಯುತ್ತಿತ್ತು, ನನ್ನ ಬಿಳಿ ಸಾಕ್ಸಿನ ಮೇಲೆ ಕಲೆ ಇರಬಾರದಿತ್ತು. "ಫುಲ್ ಸೆಂಟೆನ್ಸಸ್, ಗರ್ಲ್ಸ್, ಫುಲ್ ಸೆಂಟೆನ್ಸಸ್" ಎನ್ನುತ್ತ ಸಿಸ್ಟರ್ ಡೆಸ್ಕಿನ ಮೇಲೆ ಫುಟ್‌ರೂಲರ್ ಬಡಿಯುತ್ತಿದ್ದರು. ಈಗ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಸದ್ದು ನನಗೆ ದಿನಕ್ಕೊಮ್ಮೆಯಾದರೂ ಕೇಳಿಸುತ್ತದೆ. ನಾನು ಬದುಕಿನಲ್ಲಿ ಮಾಡಿದ ದೊಡ್ಡ ತಪ್ಪು ಮುಗಿಸದೇ ಬಿಟ್ಟ ಒಂದು ವಾಕ್ಯ.

ನಮ್ಮ ಸಂಬಂಧ ಕೂಡಿಬಂದದ್ದು ಮಾಟುಂಗದ ನೆಂಟರೊಬ್ಬರ ಮೂಲಕ. "ಹುಡುಗ ಹೋಟೆಲಿನಲ್ಲಿ ಮ್ಯಾನೇಜರ್" ಎಂದಿದ್ದರು ಅವರು. ಅಪ್ಪನ ಕಣ್ಣಿಗೆ ಬಂದದ್ದು ಮಾಟುಂಗದ ಹೋಟೆಲುಗಳ ಮಾರ್ಬಲ್ ಟೇಬಲ್ಲು, ಹೊಗೆಯಾಡುವ ಕಾಫಿ, ಹಣೆಗೆ ಗಂಧ ಹಚ್ಚಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮನುಷ್ಯ. ಹೋಟೆಲಿನ ಮುಂಭಾಗದಲ್ಲಿ ಇಡ್ಲಿ ದೋಸೆ ಇದ್ದದ್ದು ನಿಜವೇ. ಆದರೆ ಇವರ ಕುರ್ಚಿ ಇದ್ದದ್ದು ಒಳಗಿನ ಬಾಗಿಲಿನಾಚೆ, ಮಂದ ದೀಪದ ಪರ್ಮಿಟ್ ರೂಮಿನಲ್ಲಿ. ಲೈಸೆನ್ಸ್ ಪಡೆದು ಬಿಯರು, ವಿಸ್ಕಿ ಕೊಡುವ ಕೋಣೆಗೆ ಈ ಊರಿನಲ್ಲಿ ಹಾಗೆನ್ನುತ್ತಾರೆ. ಮದುವೆಯಾಗಿ ಎರಡು ತಿಂಗಳಿಗೆ, ಬೆಳಿಗ್ಗೆ ಬಕೆಟ್ಟಿನಲ್ಲಿ ಅದ್ದಲು ತೆಗೆದ ಶರ್ಟಿನ ವಾಸನೆಯಿಂದ ನನಗೆ ಅದು ತಿಳಿಯಿತು.

"ಬಾಟ್ಲಿ ಒಡೀತು ನಿನ್ನೆ" ಎಂದರು ಇವರು. ನಾನು ನಂಬಲಿಲ್ಲ. ಹಾಗೆಂದು ಮರುಪ್ರಶ್ನೆಯನ್ನೂ ಹಾಕಲಿಲ್ಲ. ಕೇಳಬೇಕಾದರೆ 'ಬಾರ್' ಎಂಬ ಶಬ್ದ ನನ್ನ ಬಾಯಿಂದ ಬರಬೇಕಿತ್ತು. ಆಮೇಲೂ ಶರ್ಟುಗಳು ಹಾಗೇ ನಾರುತ್ತಿದ್ದವು, ಸಿಗರೇಟು, ಹುರಿದ ಕಡಲೆ, ರಮ್ಮು. ನಾನು ಮುಖ ತಿರುಗಿಸಿ ಸೋಪಿನ ಪುಡಿ ಒಂದು ಚಮಚ ಹೆಚ್ಚು ಹಾಕುತ್ತಿದ್ದೆ. ಕಾನ್ವೆಂಟಿನ ಗೆಳತಿಯರು ವರ್ಷಕ್ಕೊಮ್ಮೆ ಸೇರುವಾಗ "ಹಸ್ಬೆಂಡ್ ಏನು ಮಾಡ್ತಾರೆ?" ಎಂದು ಕೇಳಿದರೆ "ಹಿ ಈಸ್ ಇನ್ ಹಾಸ್ಪಿಟಾಲಿಟಿ" ಎನ್ನುತ್ತಿದ್ದೆ. ಅದನ್ನು ಹೇಳುವಾಗ ನನ್ನ ಆಕ್ಸೆಂಟು ಎಷ್ಟು ಚೆನ್ನಾಗಿರುತ್ತಿತ್ತೆಂದರೆ ಯಾರೂ ಮುಂದೆ ಕೇಳುತ್ತಿರಲಿಲ್ಲ.

ಮೂವತ್ತೊಂದು ವರ್ಷ ಇವರು ಅಲ್ಲಿ ಕೂತರು. ರಿಟೈರಾದ ಮೇಲೆ ವಡಾಲದ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಕರಿಬೇವು, ದೊಡ್ಡಪತ್ರೆ ಬೆಳೆಸಿಕೊಂಡು ಆರಾಮವಾಗಿದ್ದರು. ಆಗಾಗ ಹೊಟ್ಟೆ ಹಿಡಿದುಕೊಂಡು "ಗ್ಯಾಸು" ಎನ್ನುತ್ತಿದ್ದರು. ಅದಕ್ಕೂ ನನ್ನ ಮನಸ್ಸಿನೊಳಗೆ ಉತ್ತರ ತಯಾರಿತ್ತು: ಅಷ್ಟು ವರ್ಷ ಹೊಟ್ಟೆಗೆ ಸುರಿದುಕೊಂಡದ್ದು ಸುಮ್ಮನೆ ಬಿಡುತ್ತದೆಯೇ?

ಮೂರು ವರ್ಷದ ಕೆಳಗೆ ಒಂದು ಭಾನುವಾರ, ಊಟವಾಗಿ ಅರ್ಧ ಗಂಟೆಯಾಗಿರಲಿಲ್ಲ, ಇವರು ನೆಲದ ಮೇಲೆ ಮುದುಡಿಕೊಂಡರು. ಹೊಟ್ಟೆಯಿಂದ ಬೆನ್ನಿಗೆ ಕಂಬಿ ತೂರಿಸಿದ ಹಾಗೆ ಆಗುತ್ತಿದೆ ಎಂದರು. ಟ್ಯಾಕ್ಸಿಯಲ್ಲಿ ದಾದರಿನ ಕಡೆಯ ಒಂದು ಆಸ್ಪತ್ರೆಗೆ ಕರೆದೊಯ್ದೆ. ರಕ್ತ ಪರೀಕ್ಷೆಯಾಯಿತು, ಸೋನೋಗ್ರಫಿಯಾಯಿತು. ಪ್ಯಾಂಕ್ರಿಯಾಸ್ ಊದಿದೆ ಎಂದರು. ಅಂದರೆ ಮೇದೋಜೀರಕ ಗ್ರಂಥಿ, ಜಠರದ ಹಿಂದೆ ಅಡಗಿರುವ, ಆಹಾರ ಕರಗಿಸುವ ರಸ ಕೊಡುವ ಅಂಗ. ಪಿತ್ತಕೋಶದಲ್ಲಿ ಕಲ್ಲಿಲ್ಲ. ಹಾಗಾದರೆ ಕಾರಣವೇನು? ಡ್ಯೂಟಿ ಡಾಕ್ಟರು ಪೆನ್ನು ಹಿಡಿದು ಸ್ಟ್ರೆಚರಿನ ಮೇಲೆ ಮಲಗಿದ್ದ ಇವರ ಮುಖ ನೋಡಿ ಇಂಗ್ಲಿಷಿನಲ್ಲಿ ಕೇಳಿದರು: "ಡಸ್ ಹಿ ಡ್ರಿಂಕ್?"

ಇವರು ತುಟಿ ಬಿಚ್ಚುವ ಮೊದಲೇ ನಾನು ಅಂದೆ: "ಡಾಕ್ಟರ್, ಹಿ ವಾಸ್ ಇನ್ ದ ಬಾರ್ ಲೈನ್ ಫಾರ್ ಥರ್ಟಿ-ಒನ್ ಇಯರ್ಸ್. ಸೋ, ನ್ಯಾಚುರಲಿ..."

ಅಷ್ಟೇ. ಉಳಿದದ್ದನ್ನು ನಾನು ಹೇಳಲಿಲ್ಲ, ಡಾಕ್ಟರ ಪೆನ್ನು ಬರೆದುಕೊಂಡಿತು. ನಲವತ್ತು ವರ್ಷ ಯಾವ ಗೆಳತಿಯ ಮುಂದೆಯೂ ಬಾಯಿಗೆ ಬಾರದ 'ಬಾರ್' ಎಂಬ ಶಬ್ದ ಆ ದಿನ ಎಷ್ಟು ಸಲೀಸಾಗಿ ಬಂತೋ! ಅದರಲ್ಲಿ ಒಂದು ಬಗೆಯ ತೃಪ್ತಿಯೂ ಇತ್ತು. ಬರೆಯಲು ಇದೇ ನನಗೆ ಕಷ್ಟ, ಆದರೂ ಬರೆಯುತ್ತಿದ್ದೇನೆ. ಕೊನೆಗೂ ನನ್ನ ಅನುಮಾನಕ್ಕೆ ಒಬ್ಬ ಡಾಕ್ಟರ ಸಹಿ ಸಿಕ್ಕಿತ್ತು.

ಆ ಒಂದು ಸಾಲು ಆಮೇಲೆ ಕೇಸ್ ಪೇಪರಿನಿಂದ ಡಿಸ್ಚಾರ್ಜ್ ಕಾರ್ಡಿಗೆ, ಅಲ್ಲಿಂದ ಮುಂದಿನ ಸಲದ ಕೇಸ್ ಪೇಪರಿಗೆ ನಡೆದುಹೋಯಿತು. ವರ್ಷಕ್ಕೊಂದು ಸಲ, ಒಮ್ಮೆ ಎರಡು ಸಲ, ಅದೇ ನೋವು, ಅದೇ ವಾರ್ಡು. ಪ್ರತಿ ಸಲವೂ ಯಾರಾದರೊಬ್ಬರು ಫೈಲು ತೆರೆದು, ಓದಿ, ಅರ್ಥವಾಯಿತೆಂಬಂತೆ ತಲೆ ಆಡಿಸುವುದು. "ಫಿರ್ ಸೇ ಶುರು ಕಿಯಾ ಕ್ಯಾ, ಅಂಕಲ್?" ಮತ್ತೆ ಕುಡಿಯಲು ಶುರು ಮಾಡಿದಿರಾ ಎಂದು ವಾರ್ಡ್‌ಬಾಯ್ ಕೂಡ ಗದರಿಸುವವನೇ. ಇವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದು ತಪ್ಪಿತಸ್ಥನ ಮೌನ ಎಂದು ನಾನು ಓದಿಕೊಂಡೆ.

ಎರಡನೆಯ ಸಲ ಥಾಣೆಯಲ್ಲಿ ಟೀಚರ್ ಆಗಿರುವ ಮಗಳು ಬಂದಳು. ಅವಳಿಗೂ ನಾನೇ ಹೇಳಿದ್ದೆ, ಫೋನಿನಲ್ಲಿ, ದನಿ ತಗ್ಗಿಸಿ. ಅವಳು ಅಪ್ಪನ ಹಾಸಿಗೆಯ ಪಕ್ಕ ಕೂತು ಅತ್ತಳು. "ಪಪ್ಪಾ, ಮೊಮ್ಮಗನ ಮದುವೆ ನೋಡ್ಬೇಕು ಅಂತಿದ್ರೆ ಅದನ್ನ ಟಚ್ ಮಾಡ್ಬೇಡಿ. ಪ್ರಾಮಿಸ್ ಮಾಡಿ ನಂಗೆ. ಕೈ ಕೊಡಿ."

ಇವರು ಡ್ರಿಪ್ಪಿನ ಸೂಜಿ ಇದ್ದ ಕೈಯನ್ನೇ ಚಾಚಿದರು. ನನ್ನ ಕಡೆ ಒಮ್ಮೆ ನೋಡಿ "ಆಯ್ತು ಮಗಾ" ಎಂದರು.

ನಾಲ್ಕನೆಯ ಸಲ ಇವರು ಹದಿನೆಂಟು ದಿನ ಮಲಗಿದರು, ಎದ್ದಾಗ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೊಂದು ಅಟ್ಯಾಕ್ ಬಂದರೆ ಹೇಳಲಾಗದು ಎಂದು ಹೇಳಿ ಅಲ್ಲಿಯವರೇ ಒಬ್ಬ ಸ್ಪೆಶಲಿಸ್ಟ್ ಹತ್ತಿರ ಕಳಿಸಿದರು. ಮೂವತ್ತೈದು ವರ್ಷದ ಮರಾಠಿ ಹುಡುಗಿ, ಕಾಲಿಗೆ ಸ್ಪೋರ್ಟ್ಸ್ ಶೂ. ಫೈಲನ್ನೆಲ್ಲ ಓದಿ ಮುಗಿಸಿ ಮುಚ್ಚಿಟ್ಟರು. ಆಮೇಲೆ ಕುರ್ಚಿ ತಿರುಗಿಸಿ ನನಗೆ ಬೆನ್ನು ಹಾಕುವಂತೆ ಕೂತು ನೇರ ಇವರನ್ನೇ ಕೇಳಿದರು: "ಕಾಕಾ, ಖರಂ ಸಾಂಗಾ. ಕಿತಿ ಪ್ಯಾಯಚಾತ?" ನಿಜ ಹೇಳಿ, ಎಷ್ಟು ಕುಡಿಯುತ್ತಿದ್ದಿರಿ ಎಂದು.

ಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ಇವರಿಗೇ ಕೇಳಿದ ಮೊದಲ ಡಾಕ್ಟರು ಅವರು.

"ಒಂದು ತೊಟ್ಟೂ ಇಲ್ಲ" ಎಂದರು ಇವರು, ಮರಾಠಿಯಲ್ಲೇ. "ಬೇರೆಯವರಿಗೆ ಕುಡಿಸಿದ್ದು ಮಾತ್ರ."

"ಫೈಲಿನಲ್ಲಿ ಬೇರೆ ಥರ ಇದೆಯಲ್ಲ?"

"ಬರೆಯುವವರು ಬರೀತಾರೆ" ಎಂದು ಇವರು ತಮ್ಮ ಚಪ್ಪಲಿ ನೋಡುತ್ತ ಕೂತರು.

ಅಲ್ಲಿ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಚಿಕ್ಕ ವಯಸ್ಸಿನ ಹೆಂಗಸಿನ ಮುಂದೆ ಇವರು ಮಾನ ಉಳಿಸಿಕೊಳ್ಳುತ್ತಿದ್ದಾರೆ ಎಂದು ಒಂದು ಮನಸ್ಸು, ಹಾಗಲ್ಲದಿದ್ದರೆ ಎಂದು ಇನ್ನೊಂದು. ಪರ್ಸಿನ ಜಿಪ್ಪನ್ನು ಎಳೆಯುವುದು, ಮುಚ್ಚುವುದು ಮಾಡಿದೆ.

ಡಾಕ್ಟರು ಒಂದು ಕಾಗದದ ಮೇಲೆ ಚಿತ್ರ ಬರೆದರು. ಪ್ಯಾಂಕ್ರಿಯಾಸಿನೊಳಗೆ ರಸ ಹರಿಯುವ ಸಣ್ಣ ನಾಳ ಇರುತ್ತದೆ. ಎರಡು ವರ್ಷದ ಹಿಂದೆ ಮಾಡಿಸಿದ ಸಾಧಾರಣ ಎಂಆರ್‌ಐನಲ್ಲಿ ಅದು ಸರಿಯಾಗಿ ಕಂಡಿಲ್ಲ. ಈ ಸಲ ಸೆಕ್ರೆಟಿನ್ ಎಂಬ ಹಾರ್ಮೋನನ್ನು ರಕ್ತನಾಳಕ್ಕೆ ಕೊಟ್ಟು ಸ್ಕ್ಯಾನ್ ಮಾಡೋಣ. ಹೊಟ್ಟೆಗೆ ಊಟ ಬಂದಾಗ ದೇಹವೇ ಹೊರಡಿಸುವ ಹಾರ್ಮೋನು ಅದು. ಅದು ಬಂತೆಂದರೆ ಗ್ರಂಥಿ ರಸ ಬಿಡುತ್ತದೆ, ನಾಳ ತುಂಬಿಕೊಂಡು ಅಗಲವಾಗುತ್ತದೆ, ಚಿತ್ರದಲ್ಲಿ ಕಾಣುತ್ತದೆ. ನನಗೆ ಇದನ್ನು ಎರಡು ಸಲ ಹೇಳಬೇಕಾಯಿತು. ಇವರು ಮೊದಲ ಸಲಕ್ಕೇ ತಲೆಯಾಡಿಸಿದರು.

"ಹೋಟೆಲ್ ಅಡಿಗೆಮನೆಯ ಪೈಪಿನ ಹಾಗೆ, ಅಲ್ವಾ ಮೇಡಂ? ನಳ ಬಂದ್ ಇದ್ದರೆ ಎಲ್ಲಿ ಬ್ಲಾಕ್ ಅಂತ ಗೊತ್ತಾಗುವುದಿಲ್ಲ. ಜೋರು ನೀರು ಬಿಟ್ಟು ನೋಡ್ಬೇಕು."

"ಅಗದೀ ಬರೋಬರ್!" ಎಂದು ಡಾಕ್ಟರು ನಕ್ಕರು. "ಮುಂದಿನ ಪೇಶಂಟಿಗೆ ನಾನೂ ಹೀಗೇ ಹೇಳ್ತೇನೆ, ಕಾಕಾ."

ಮದ್ದನ್ನು ತರಿಸಬೇಕಿತ್ತು, ಎಂಟು ದಿನವಾಯಿತು. ಸ್ಕ್ಯಾನಿನ ಬೆಳಿಗ್ಗೆ ಇವರು ಖಾಲಿ ಹೊಟ್ಟೆಯಲ್ಲಿ ಬಂದು ಕೂತರು. ಟೆಕ್ನಿಶಿಯನ್ ಒಂದು ಪ್ಲಾಸ್ಟಿಕ್ ಗ್ಲಾಸಿನಲ್ಲಿ ಅನಾನಸ್ ಜ್ಯೂಸ್ ತಂದುಕೊಟ್ಟ. ಅದನ್ನು ಕುಡಿದರೆ ಹೊಟ್ಟೆಯೊಳಗಿನ ನೀರು ಚಿತ್ರದಲ್ಲಿ ಕಪ್ಪಾಗಿ ಬರುತ್ತದೆ, ನಾಳಕ್ಕೆ ಅಡ್ಡ ಬರುವುದಿಲ್ಲವಂತೆ. ಇವರು ಒಂದು ಗುಟುಕು ಕುಡಿದು ಮುಖ ಕಿವಿಚಿದರು. "ಡಬ್ಬದ್ದು. ನಮ್ಮಲ್ಲಿ ಗಿರಾಕಿ ಗ್ಲಾಸು ಎತ್ತಿ ಬಿಸಾಡ್ತಿದ್ದ."

ಆಮೇಲೆ ಬಟ್ಟೆ ಬದಲಿಸಲು ಕಳಿಸಿದರು. ಹಿಂದೆ ಲಾಡಿ ಕಟ್ಟುವ ನೀಲಿ ಗೌನಿನಲ್ಲಿ, ತೆಳ್ಳಗಿನ ಕಾಲು ಬಿಟ್ಟುಕೊಂಡು, ಇವರು ಹೊರಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ವಾಚು, ಉಂಗುರ, ಶರ್ಟು ಎಲ್ಲ ನನ್ನ ಮಡಿಲಿಗೆ ಬಂತು. ನಾನು ಶರ್ಟು ಮಡಚುತ್ತಿದ್ದೆ. ಬರಿಯ ಸೋಪಿನ ವಾಸನೆ. ಆಗ ನನಗೆ ಹೊಳೆಯಿತು: ಅಷ್ಟು ವರ್ಷ ವಾಸನೆ ಬಂದದ್ದು ಶರ್ಟಿನಿಂದ. ಇವರ ಉಸಿರಿನಿಂದ ಬಂದದ್ದು ನೆನಪೇ ಇಲ್ಲ. ಉಸಿರು ತಾಗುವಷ್ಟು ಹತ್ತಿರ ಮುಖ ತಿರುಗಿಸದೆ ನಾನು ಇದ್ದದ್ದಾದರೂ ಎಷ್ಟು ದಿನ?

"ಇವ್ರೇ," ಎಂದೆ. "ನೀವು ನಿಜವಾಗ್ಲೂ ಕುಡೀತಿರ್ಲಿಲ್ವಾ?"

ಇವರು ನನ್ನನ್ನು ನೋಡಿದರು, ಆಮೇಲೆ ತಮ್ಮ ಗೌನನ್ನು.

"ಈಗ ಕೇಳ್ತೀಯಾ? ಈ ಲಂಗ ಹಾಕ್ಸಿ ಕೂರ್ಸಿ? ನಲವತ್ತಾರು ವರ್ಷ ಪ್ಯಾಂಟು ಹಾಕ್ಕೊಂಡು ತಿರುಗ್ತಿದ್ದೆನಲ್ಲ ಮಾರಾಯ್ತಿ, ಆಗ ಎಂತ ಆಗಿತ್ತು ನಿಂಗೆ?"

ಎದುರಿನ ಬೆಂಚಿನ ಹೆಂಗಸಿಗೆ ಕನ್ನಡ ಬಾರದಿರಲಿ ಎಂದು ಬೇಡಿಕೊಂಡೆ. ಆ ಹೊತ್ತಿನಲ್ಲೂ ನನ್ನ ಚಿಂತೆ ಅದೇ.

"ದಿನಾ ಹತ್ತು ಜನರನ್ನು ಎತ್ತಿ ಟ್ಯಾಕ್ಸಿಗೆ ಹಾಕುವವನಿಗೆ ಅದರ ರುಚಿ ಹತ್ತುವುದಿಲ್ಲ," ಎಂದರು ಇವರು, ಈಗ ಮೆಲ್ಲಗೆ. "ಒಬ್ಬೊಬ್ಬರ ಹೆಂಡತಿ ಬಂದು ಬಾಗಿಲಲ್ಲಿ ನಿಲ್ತಿದ್ರು. ಅವರ ಮುಖ ನೋಡಿ ನೋಡಿ..."

"ಆವತ್ತು ಡಾಕ್ಟರಿಗೆ ಹೇಳ್ಬಹುದಿತ್ತಲ್ಲ ನೀವು?"

"ನೀನು ಇಂಗ್ಲಿಷಲ್ಲಿ ಹೇಳಿ ಆಗಿತ್ತು. ನನಗೆ ಬಾರ್ ಗೊತ್ತಿಲ್ವಾ, ಇಯರ್ಸ್ ಗೊತ್ತಿಲ್ವಾ? ಡಾಕ್ಟ್ರ ಎದುರಿಗೆ ಹೆಂಡತಿಯನ್ನು ಸುಳ್ಳಿ ಮಾಡುವುದಾ? ಮತ್ತೆ ನಾನು ಹೇಳಿದ್ರೆ ನಂಬುವುದು ಯಾರು, ನೀನೇ ನಂಬದ್ದು?"

ಟೆಕ್ನಿಶಿಯನ್ ಹೆಸರು ಕರೆದ. ಇವರು ಗೌನಿನ ಹಿಂಭಾಗ ಹಿಡಿದುಕೊಂಡು ಒಳಗೆ ಹೋದರು. ಬಾಗಿಲಿನಾಚೆಯಿಂದ ಯಂತ್ರದ ಟಕ್ ಟಕ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವನು ಫಾರಂ ಹಿಡಿದು ಹೊರಬಂದ. "ಆಂಟಿ, ಹಿಸ್ಟರಿ ಕನ್ಫರ್ಮ್ ಮಾಡಿ. ಆಲ್ಕೊಹಾಲ್, ಯೆಸ್ ನಾ?"

"ನೋ" ಎಂದೆ. ನನಗೇ ಕೇಳಿಸದಷ್ಟು ಸಣ್ಣ ದನಿ.

"ಫೈಲ್ ಮೇ ತೋ ಯೆಸ್ ಹೈ."

"ಫೈಲು ತಪ್ಪು."

"ವೋ ಡಾಕ್ಟರ್ ಸೇ ಬೋಲೋ, ಆಂಟಿ. ನಾನು ಫೈಲಲ್ಲಿ ಇದ್ದದ್ದೇ ಬರೀಬೇಕು" ಎಂದು ಹಿಂದಿಯಲ್ಲಿ ಹೇಳಿ ಒಳಹೋದ.

ಒಳಗೆ ಆಗ ಆ ಹಾರ್ಮೋನು ಕೊಟ್ಟಿರಬೇಕು. ಊಟ ಬಂತು ಎಂದು ಅದು ಗ್ರಂಥಿಗೆ ಹೇಳುತ್ತಿರಬೇಕು, ಗ್ರಂಥಿ ಪಾಪ ನಂಬಿ ರಸ ಬಿಡುತ್ತಿರಬೇಕು. ಅರ್ಧರ್ಧ ನಿಮಿಷಕ್ಕೊಂದು ಚಿತ್ರ ತೆಗೆಯುತ್ತಾರೆ ಎಂದಿದ್ದರು. ಇವರ ದೇಹದ ಮೂಲೆಯಲ್ಲಿರುವ ಕಡ್ಡಿಯಷ್ಟು ದಪ್ಪದ ನಾಳಕ್ಕೆ ಇಷ್ಟು ಜನ ಇಷ್ಟು ತಾಳ್ಮೆಯಿಂದ ಪ್ರಶ್ನೆ ಕೇಳುತ್ತಿದ್ದಾರೆ. ನಾನು ಶರ್ಟನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದೆ.

ಎರಡು ದಿನದ ಮೇಲೆ ಡಾಕ್ಟರು ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದರು. ಇಂಜೆಕ್ಷನ್‌ಗೆ ಮೊದಲಿನ ಚಿತ್ರದಲ್ಲಿ ಅಲ್ಲಲ್ಲಿ ತುಂಡಾದ ಒಂದು ನೂಲು. ಆಮೇಲಿನ ಚಿತ್ರಗಳಲ್ಲಿ ಅದೇ ನೂಲು ಬೆಳ್ಳಗೆ ಉಬ್ಬುತ್ತ ಬಂದು, ಹೊರಬೀಳುವ ಜಾಗದಲ್ಲಿ ಸಿಕ್ಕಿಕೊಂಡು ನಿಂತಿತ್ತು. ತಾಯಿಯ ಗರ್ಭದಲ್ಲೇ ಒಂದಾಗಬೇಕಿದ್ದ ಎರಡು ನಾಳ ಇವರಲ್ಲಿ ಒಂದಾಗಿಲ್ಲವಂತೆ. ಅದರಿಂದ ಹೆಚ್ಚಿನ ರಸವೆಲ್ಲ ಒಂದು ಸಣ್ಣ ಕಿಂಡಿಯಿಂದಲೇ ಹೋಗಬೇಕು. ಎಷ್ಟೋ ಜನರಿಗೆ ಹೀಗಿದ್ದೂ ತೊಂದರೆ ಇರುವುದಿಲ್ಲ. ಇವರ ಕಿಂಡಿ ತೀರ ಕಿರಿದು, ರಸ ಹಿಂದಕ್ಕೆ ಒತ್ತುತ್ತದೆ. ಈ ವಯಸ್ಸಿನಲ್ಲಿ ಈ ದೋಷ ಗೊತ್ತಾಗುವುದು ಅಪರೂಪ. ಬಹುಶಃ ಆ ಹಳೆಯ "ಗ್ಯಾಸು" ಕೂಡ ಇದೇ ಇರಬಹುದು. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಆ ಕಿಂಡಿಯನ್ನು ಸ್ವಲ್ಪ ಕೊಯ್ದು ಅಗಲ ಮಾಡಬಹುದು ಎಂದರು.

"ಮೊದಲೇ ಹುಡುಕಬಹುದಿತ್ತು" ಎಂದರು ಡಾಕ್ಟರು, ಯಾರನ್ನೂ ದೂರುವ ದನಿಯಲ್ಲಲ್ಲ. "ಆದರೆ ಒಮ್ಮೆ ಫೈಲಿನಲ್ಲಿ ಆಲ್ಕೊಹಾಲ್ ಅಂತ ಬಂದರೆ, ಆಂಟಿ, ಪೀಪಲ್ ಸ್ಟಾಪ್ ಲುಕಿಂಗ್."

ನಾನು ಎದ್ದು ನಿಂತೆ. ಯಾಕೆಂದು ಗೊತ್ತಿಲ್ಲ, ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರಶ್ನೆ ಕೇಳಿದರೆ ಹಾಗೆ ನಿಲ್ಲುತ್ತಿದ್ದೆವು. "ಡಾಕ್ಟರ್, ಐ ಗೇವ್ ದಟ್ ಹಿಸ್ಟರಿ. ಇಟ್ ವಾಸ್ ನಾಟ್ ಟ್ರೂ. ಐ ಹ್ಯಾಡ್ ನೆವರ್ ಆಸ್ಕ್ಡ್ ಹಿಮ್."

ಮೂರೂ ಪೂರ್ತಿ ವಾಕ್ಯ. ಡಾಕ್ಟರು "ಇಟ್ ಹ್ಯಾಪನ್ಸ್, ಆಂಟಿ, ಕೂತ್ಕೊಳ್ಳಿ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಕೆಳಗೆ ಕ್ಯಾಂಟೀನಿನಲ್ಲಿ ಇವರಿಗೆ ನೀರು ಮಜ್ಜಿಗೆ, ನನಗೆ ಚಹಾ. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಲು ನೋಡಿದೆ. "ತಪ್ಪಾಯ್ತು" ಎಂಬುದು ಎಷ್ಟು ಸಣ್ಣ ಮಾತು, ಬಾಯಿಯಲ್ಲಿ ಎಷ್ಟು ದೊಡ್ಡದಾಗಿ ಕೂತುಬಿಟ್ಟಿತು! ಇವರು ಕೈ ಎತ್ತಿ ತಡೆದರು.

"ನಿಂದು ಬಿಡು. ನನಗೆ ಅಭ್ಯಾಸ ಆಗಿ ಹೋಗಿದೆ. ಮಗಳಿಗೆ ಫೋನ್ ಮಾಡು. ಈಗ. ನನ್ನೆದುರಿಗೆ."

"ಮನೆಗೆ ಹೋಗಿ ಮಾಡಿದ್ರೆ..."

"ಈಗ."

ನಲವತ್ತಾರು ವರ್ಷದಲ್ಲಿ ಇವರು ನನಗೆ ಕೊಟ್ಟ ಮೊದಲ ಆರ್ಡರ್ ಅದು. ಮಾಡಿದೆ. ಅವಳು ಸ್ಕೂಲಿನಲ್ಲಿ ಎರಡು ಪೀರಿಯಡ್ ನಡುವೆ ಎತ್ತಿಕೊಂಡಳು. ಹೇಳಿದೆ. ಆ ಕಡೆಯ ಮಕ್ಕಳ ಗದ್ದಲ ದೂರವಾಯಿತು, ಅವಳು ವರಾಂಡದ ತುದಿಗೆ ಹೋಗಿರಬೇಕು. ಆಮೇಲೆ ಅವಳು ಹೇಳಿದಳು, "ಅಮ್ಮಾ, ನೀನು ಹೇಳಿದ್ದಕ್ಕೆ ನಾನು ಪಪ್ಪನ ಕೈಯಿಂದ ಪ್ರಾಮಿಸ್ ತಗೊಂಡೆ. ಸೂಜಿ ಇತ್ತು ಅವರ ಕೈಯಲ್ಲಿ." ಮತ್ತೆ, "ಪಪ್ಪಂಗೆ ಕೊಡು."

ಇವರು ಫೋನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ತುಂಬ ಹೊತ್ತು ಮಾತಾಡಿದರು. ಒಮ್ಮೆ ನಕ್ಕದ್ದೂ ಕೇಳಿತು: "ಮುರಿಯದ ಪ್ರಾಮಿಸ್ ಅಲ್ವಾ ಮಗಾ, ಒಳ್ಳೆದೇ." ನನ್ನ ಚಹಾದ ಮೇಲೆ ಕೆನೆ ಕಟ್ಟಿತು.

ಕೊಯ್ತ ಸುಸೂತ್ರವಾಗಿ ಆಯಿತು. ಮೂರನೆಯ ದಿನ ಕೈಗೆ ಬಂದ ಡಿಸ್ಚಾರ್ಜ್ ಕಾರ್ಡನ್ನು ನಾನು ಅಲ್ಲೇ ನಿಂತು ಓದಿದೆ. ಹೊಸ ಕಾಯಿಲೆಯ ಹೆಸರು ಸರಿಯಾಗಿತ್ತು. ಅದರ ಕೆಳಗೆ, ಕಂಪ್ಯೂಟರು ಹಳೆಯ ದಾಖಲೆಯಿಂದ ತಾನೇ ಎತ್ತಿಕೊಂಡು, ಮದ್ಯಪಾನದ ಆ ಸಾಲನ್ನು ಮತ್ತೆ ಅಚ್ಚು ಹಾಕಿತ್ತು.

ರೆಕಾರ್ಡ್ಸ್ ಆಫೀಸು ಬೇಸ್‌ಮೆಂಟಿನಲ್ಲಿ. ಕಿಟಕಿಯೊಳಗಿನ ಗುಮಾಸ್ತ ಹೇಳಿದ, ಡಾಕ್ಟರ ಚೀಟಿ ಸಾಲದು. ಮೊದಲು ಹಿಸ್ಟರಿ ಕೊಟ್ಟವರು ಯಾರು, ಅದು ಹೇಗೆ ತಪ್ಪು, ಅವರೇ ಬರೆದು ಸಹಿ ಹಾಕಿ ಕೊಡಬೇಕು. ಪೇಶಂಟಿನ ಉದ್ಯೋಗವನ್ನೂ ಬರೆಯಬೇಕು. ನನ್ನ ಹಿಂದೆ ಏಳೆಂಟು ಜನರ ಕ್ಯೂ. ಬೆಂಚಿನ ಮೇಲೆ ಇವರ ಪಕ್ಕ ಕೂತು, ಕಾನ್ವೆಂಟಿನಲ್ಲಿ ಪ್ರೈಜು ತಂದುಕೊಟ್ಟ ಅದೇ ಕರ್ಸಿವ್ ಅಕ್ಷರದಲ್ಲಿ ಬರೆದೆ. ನಾನು, ಪೇಶಂಟಿನ ಹೆಂಡತಿ, ವಿಚಾರಿಸದೆ ಈ ಮಾಹಿತಿ ಕೊಟ್ಟೆ. ಅವರು ಎಂದೂ ಕುಡಿದವರಲ್ಲ. ಉದ್ಯೋಗ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. 'ಹಾಸ್ಪಿಟಾಲಿಟಿ'ಯ ಎಚ್ ಅಕ್ಷರದ ಒಂದು ಗೆರೆ ಆಗಲೇ ಎಳೆದಿದ್ದೆ. ಅದನ್ನು ಹೊಡೆದುಹಾಕಿ ಬರೆದೆ: ಮ್ಯಾನೇಜರ್, ಪರ್ಮಿಟ್ ರೂಮ್.

ಇವರು ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದರು.

"ರಿಟೈರ್ಡ್ ಅಂತ ಸೇರ್ಸು ಮಾರಾಯ್ತಿ," ಎಂದರು. "ಇಲ್ಲದಿದ್ರೆ ಇನ್ನೂ ಡ್ಯೂಟಿ ಉಂಟು ಅಂತ ಎಣಿಸಿಯಾರು."

ಸೇರಿಸಿದೆ. ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದು ಓದಿ, ಇಡೀ ಕ್ಯೂಗೆ ಕೇಳುವಂತೆ ಹಿಂದಿಯಲ್ಲಿ ಕೇಳಿದ: "ತಪ್ಪು ಮಾಹಿತಿ ಕೊಟ್ಟದ್ದು ಹೆಂಡತಿಯೇನಾ? ನೀವೇನಾ?"

"ಹಾಂ, ನಾನೇ ಕೊಟ್ಟದ್ದು" ಎಂದೆ. ಈ ಸಲ ದನಿ ತಗ್ಗಿಸಲಿಲ್ಲ.